ಪ್ಲಂಬರನ ಹಿಡಿತಕ್ಕೆ ಇಪ್ಪತ್ತು ಫ್ರೆಟ್ಟು

ತಂತಿಯಕ್ಕ ರಿಪೇರಿ ಮಾಡಿದ ಗಿಟಾರು ಹಿಂದಿರುಗಿ ಬಂದದ್ದನ್ನು ಕಂಡವರು ಭೂಮಿಯ ಮೇಲೆ ಯಾರೂ ಇಲ್ಲ. ಚಂದ್ರನ ಮೇಲಿನ ಸಮಾಚಾರ ಗೊತ್ತಿಲ್ಲ. ಹೀಗೆಂದು ಅವಳೇ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಳು, ಕೇಳುವವರಿಲ್ಲದಿದ್ದರೆ ಗೋಡೆಗಾದರೂ. ಮೆಟ್ಟಿಲ ಕೆಳಗಿನ ಅವಳ ಅಂಗಡಿ ಎಷ್ಟು ಇಕ್ಕಟ್ಟೆಂದರೆ, ಗಿರಾಕಿ ಒಳಗೆ ಬಂದರೆ ಗಿಟಾರು ಹೊರಗೆ ನಿಲ್ಲಬೇಕು. ಕೆಲಸ ಕಲಿಸಿದವರು ಮಾವ. ಅವರು ತೀರಿಕೊಂಡ ಮೇಲೆ, ಮರದ ಪುಡಿ ಕಂಡರೆ ಸಾಕು, ಗಂಡನಿಗೆ ಬೀದಿಯ ಕಿಟಕಿಗಳೆಲ್ಲ ಅದುರುವಂತೆ ಸೀನು ಬರುತ್ತಿದ್ದುದರಿಂದ ಅಂಗಡಿ ಇವಳ ಪಾಲಿಗೆ ಬಂತು. ಅದಾಗಿ ಮೂವತ್ತೊಂದು ವರ್ಷ.

ಸೋಮವಾರ ಪ್ಲಂಬರ್ ಒಂದು ಗಿಟಾರು ತಂದ. ಕುತ್ತಿಗೆಯ ಮೇಲೆ ಅಡ್ಡಡ್ಡ ಕೂತ ಲೋಹದ ಪಟ್ಟಿಗಳು, ಅಂದರೆ ಫ್ರೆಟ್ಟುಗಳು, ಸವೆದು ಸವೆದು ಮರಕ್ಕೇ ಅಂಟಿಕೊಂಡಿದ್ದವು.

"ಅಕ್ಕಾ, ಭಾನುವಾರದೊಳಗೆ ಆಗ್ಬೇಕು. ಗಂಟಲು ಆಪರೇಷನ್ ಆದ್ಮೇಲೆ ನಮ್ಮನೆಯವಳು ಮೊದಲ್ನೇ ಸಲ ಸಭೇಲಿ ಹಾಡ್ತಾಳೆ. ಬಾರಿಸೋನು ನಾನು."

"ಗುರುವಾರಕ್ಕೇ ತಗೊಂಡ್ ಹೋಗಿ ಅಣ್ಣ."

ಅಕ್ಕ ಹಳೆಯ ಫ್ರೆಟ್ಟುಗಳನ್ನು ಒಂದೊಂದಾಗಿ ಕಾಯಿಸಿ, ಮರದ ಒಂದು ಚೂರೂ ಏಳದಂತೆ ಇಕ್ಕಳದಿಂದ ಎತ್ತಿದಳು. ಡಬ್ಬಿಯಲ್ಲಿದ್ದ ಅತಿ ಎತ್ತರದ, ಅತಿ ಒಳ್ಳೆಯ ಫ್ರೆಟ್ಟಿನ ಪಟ್ಟಿಗಳನ್ನೇ ಆರಿಸಿ, ಸಣ್ಣ ಸುತ್ತಿಗೆಯಿಂದ ಇಪ್ಪತ್ತನ್ನೂ ಕೂರಿಸಿ, ತುದಿಗಳನ್ನು ಅರದಿಂದ ಉಜ್ಜಿದಳು. ನೊಣ ಕೂತರೂ ಜಾರಿ ಬೀಳುವಷ್ಟು ನುಣುಪು.

ಶುಕ್ರವಾರ ಮಧ್ಯಾಹ್ನ ಗಿಟಾರು ಹಿಂದಿರುಗಿ ಬಂತು. ಹಿಂದೆ ಪ್ಲಂಬರ್, ಅವನ ಹಿಂದೆ ಕತ್ತಿಗೆ ಬಟ್ಟೆ ಸುತ್ತಿಕೊಂಡ ಅವನ ಹೆಂಡತಿ.

"ಗಿಟಾರ್‌ದೇನೂ ತಪ್ಪಿಲ್ಲಕ್ಕ," ಎಂದಳು ಆಕೆ ಮೆಲ್ಲಗೆ. "ಇವರು ಬಾರಿಸಿದ್ರೆ ನನ್ ಸ್ವರ ಕೆಳಗೇ ಉಳಿಯತ್ತೆ. ಗಂಟಲು ಹೋಯ್ತು, ಅಷ್ಟೇ. ಭಾನುವಾರ ನಾನು ಹಾಡಲ್ಲ."

"ಬೆಳಗ್ಗೆಯಿಂದ ಇದೇ ಪಾಠ. ನೀವಾದ್ರೂ ಒಂಚೂರು ನೋಡಿ ಅಕ್ಕ," ಎಂದ ಪ್ಲಂಬರ್.

ಅಕ್ಕ ಗಿಟಾರು ತೆಗೆದುಕೊಂಡು ಶ್ರುತಿ ಮಾಡಿ, ಒಂದು ಸ್ವರ ನುಡಿಸಿದಳು. ಆಕೆ ಅದಕ್ಕೆ ದನಿಗೂಡಿಸಿದಳು. ಸ್ವರ ಎರಡೂ ಒಂದೇ. "ಈಗ ನೀವು ಬಾರಿಸಿ ಅಣ್ಣ." ಅವನು ಒತ್ತಿದ, ಅದೇ ಸ್ವರ ಕಿವಿ ಹಿಂಡಿದ ಹಾಗೆ ಮೇಲಕ್ಕೆ ಹಾರಿತು.

ಅಕ್ಕ ಆಗ ಮೊದಲ ಸಲ ಅವನ ಕೈ ನೋಡಿದಳು. ಅವನು ಬಿಗಿ ಮಾಡಿದ ನಲ್ಲಿಯನ್ನು ತಿರುಗಿಸಲು ಮೂರು ತಲೆಮಾರು ಸಾಲದು, ಅಂಥ ಕೈ! ಸವೆದ ಫ್ರೆಟ್ಟಿನಲ್ಲಿ ಎಷ್ಟು ಹಿಂಡಿದರೂ ತಂತಿ ಮರಕ್ಕೆ ತಾಗಿ ನಿಲ್ಲುತ್ತಿತ್ತು. ಅವಳ ಎತ್ತರದ ಹೊಸ ಫ್ರೆಟ್ಟಿನಲ್ಲಿ ಅದು ಇನ್ನೂ ಕೆಳಗಿಳಿದು, ಬಿಗಿದು, ಸ್ವರ ಏರುತ್ತಿತ್ತು.

"ನಿಮ್ ಗಂಟಲು ಸರಿಯಾಗೇ ಇದೆ ತಾಯಿ," ಎಂದಳು ಅಕ್ಕ. "ಗಿಟಾರಿನ ಕುತ್ತಿಗೆ ಅಳೆದೆ, ಅಣ್ಣನ ಕೈ ಅಳೀಲಿಲ್ಲ. ತಪ್ಪು ನಂದೇ." ಮೂವತ್ತೊಂದು ವರ್ಷದಲ್ಲಿ ಈ ಮಾತು ಕೇಳದ ಗೋಡೆ ಬಿರುಕು ಬಿಡದೆ ನಿಂತದ್ದೇ ದೊಡ್ಡದು.

ತಂತಿಗಳನ್ನು ಬಿಚ್ಚಿ, ಇಪ್ಪತ್ತು ಫ್ರೆಟ್ಟನ್ನೂ ಉದ್ದನೆಯ ಅರದಿಂದ ಅರ್ಧಕ್ಕೆ ಇಳಿಸಿದಳು. ಚಪ್ಪಟೆಯಾದ ನೆತ್ತಿಗಳನ್ನು ಮತ್ತೆ ಗುಂಡಗೆ ಮಾಡಿದಳು. ಎರಡು ಗಂಟೆ ಹಿಡಿಯಿತು. ಗಂಡ ಹೆಂಡತಿ ಮೆಟ್ಟಿಲ ಮೇಲೆ ಕೂತು ಕಾದರು. ಹೊಸ ತಂತಿ ಹಾಕಿ ಗಿಟಾರನ್ನು ಅವನ ಕೈಗೆ ಕೊಟ್ಟಳು.

"ಅಣ್ಣ, ಅದೇನೂ ಸೋರ್ತಾ ಇಲ್ಲ. ಮೆತ್ತಗೆ ಹಿಡೀರಿ."

ಅವನು ಉಸಿರು ಬಿಗಿಹಿಡಿದು ಬೆರಳು ಸಡಿಲಿಸಿದ. ಆಕೆ ಕತ್ತಿನ ಬಟ್ಟೆ ತೆಗೆದು ಹಾಡಿದಳು, ಮೊದಲ ಸಾಲು ಹೆದರಿ ಹೆದರಿ, ಎರಡನೆಯದು ಕಣ್ಣು ಮುಚ್ಚಿ. ಮೂರನೆಯ ಸಾಲಿಗೆ ಮೇಲಿನ ಮಹಡಿಯ ಕಿಟಕಿ ತೆರೆಯಿತು. ದನಿ ಸಣ್ಣದಾಗಿತ್ತು, ಆದರೆ ಸ್ವರ ಎಲ್ಲಿರಬೇಕೋ ಅಲ್ಲೇ ಇತ್ತು.

"ರೀ, ಭಾನುವಾರ ಎಷ್ಟು ಗಂಟೆಗೆ ಹೊರಡ್ಬೇಕು?" ಎಂದಳು ಗಂಡನಿಗೆ.

ಪ್ಲಂಬರ್ ಖುಷಿಯಿಂದ ಉಬ್ಬಿದ. "ಅಕ್ಕಾ, ಗಿಟಾರ್ ಇಷ್ಟ್ ಚೆನ್ನಾಗಾಯ್ತು, ಭಾನುವಾರ ಜೊತೇಲಿ ನಾನೂ ಎರಡು ಸಾಲು ಹಾಡ್ಬಿಡ್ಲಾ?" ಎಂದು ಗಂಟಲು ಸರಿಮಾಡಿಕೊಂಡು, ತುಕ್ಕು ಹಿಡಿದ ನಲ್ಲಿ ತಿರುಗಿಸಿದಂಥ ದನಿಯಲ್ಲಿ ಒಂದು ಸಾಲು ಹಾಡಿಯೇ ತೋರಿಸಿದ.

"ದಯವಿಟ್ಟು ಬೇಡ ಅಣ್ಣ," ಎಂದಳು ಅಕ್ಕ. "ಅಷ್ಟು ದೊಡ್ಡ ಅರ ನನ್ ಹತ್ರ ಇಲ್ಲ."