ಎತ್ತು ಹಿಡಿದ ದಾರಿ

ನನಗೆ ದಿಕ್ಕು ತಿಳಿಯುವುದಿಲ್ಲ. ಬೀದರಿನ ಚೌಬಾರಾ ಗೋಪುರದ ಬಳಿ ಬಳೆ ಅಂಗಡಿಗೆ ಹೊಕ್ಕು ಹೊರಬಂದರೆ, ಯಾವ ಕಡೆಯಿಂದ ಬಂದಿದ್ದೆ ಎಂಬುದು ಅಂಗಡಿಯೊಳಗೇ ಉಳಿದುಬಿಡುತ್ತದೆ. ಗೋಪುರ ಗುಂಡಗಿದೆ, ಎಲ್ಲ ಕಡೆಯಿಂದಲೂ ಒಂದೇ ಥರ ಕಾಣುತ್ತದೆ ಎಂದು ಸಮಾಧಾನ ಹೇಳಿಕೊಳ್ಳುತ್ತೇನೆ. ಆದರೆ ಅದರ ಸುತ್ತ ಅಡ್ಡಾಡುವ ಎಮ್ಮೆಗಳಿಗೂ ಅದು ಗುಂಡಗೇ ಇದೆಯಲ್ಲ. ಸಂಜೆಯಾದರೆ ಅವು ಯಾರನ್ನೂ ಕೇಳದೆ ಮನೆ ಸೇರುತ್ತವೆ. ಎಂ.ಎ. ಮಾಡಿದ ನಾನು ಆಟೋದವನನ್ನು ಕೇಳುತ್ತೇನೆ.

ಈ ನಾಚಿಕೆಗೇ ಇರಬೇಕು, ಪ್ರಾಣಿಗಳು ದಾರಿ ಕಲಿಯುವ ಬಗೆಯನ್ನು ಕುರಿತು ಸಿಕ್ಕಿದ್ದನ್ನೆಲ್ಲ ಓದುತ್ತೇನೆ. ಮೆದುಳಿನ ಆಳದಲ್ಲಿ ಕಡಲಕುದುರೆಯಂತೆ ಬಾಗಿದ ಒಂದು ಭಾಗವಿದೆಯಂತೆ. ಇಲಿಯೊಂದು ಕೋಣೆಯಲ್ಲಿ ಓಡಾಡುತ್ತ ಈ ಮೂಲೆಗೆ ಬಂದರೆ ಅಲ್ಲಿನ ಒಂದು ಜೀವಕೋಶ ಮಿಡಿಯುತ್ತದೆ, ಆ ಗೋಡೆಯ ಬಳಿ ಹೋದರೆ ಇನ್ನೊಂದು. ಮುಖ ಯಾವ ಕಡೆಗಿದೆ ಎಂದು ಹೇಳುವ ಕೋಶಗಳು ಬೇರೆ. ಹೀಗೆ ಓಡಾಡುತ್ತಲೇ ತಲೆಯೊಳಗೆ ಒಂದು ನಕಾಶೆ ಸಿದ್ಧವಾಗುತ್ತದೆ. ಇಲಿ ಮಲಗಿದ ಮೇಲೂ, ಹಗಲು ಓಡಿದ ದಾರಿಯನ್ನು ಅದರ ಮೆದುಳು ಮತ್ತೊಮ್ಮೆ ಓಡುತ್ತದೆ. ಇದನ್ನು ಓದಿದಾಗ ನನಗೆ ನೆನಪಾದದ್ದು ಇಲಿಯಲ್ಲ, ಚಂದ್ಯಾ.

ಚಂದ್ಯಾ ನಮ್ಮ ದೇವಣಿ ತಳಿಯ ಎತ್ತು. ನಿಜಾಮನ ರಾಜ್ಯದ ಕೊನೆಯ ಬೇಸಿಗೆಯಲ್ಲಿ ಅಪ್ಪನ ತಮ್ಮ ಶರಣು ಕಾಕಾ ಅದನ್ನು ಕಮಲನಗರದಿಂದ ನಮ್ಮೂರು ಚಿಂತಾಕಿಗೆ ಕೊಂಡು ತಂದಿದ್ದ. ನಮ್ಮ ಕಡೆ ದನ ಮಾರಿದವರು ಅದರ ಹಗ್ಗ ಕೊಡುವುದಿಲ್ಲ. ಬಿಚ್ಚಿ ತಾವೇ ಇಟ್ಟುಕೊಳ್ಳುತ್ತಾರೆ. ಕೊಂಡವರು ತಮ್ಮ ಹೊಸ ಹಗ್ಗ ಕಟ್ಟುತ್ತಾರೆ. ಹಗ್ಗ ಬದಲಾದರೆ ಎತ್ತಿನ ಮನೆಯೂ ಬದಲಾಯಿತು ಎಂದು ನಂಬಿಕೆ. ಮೆದುಳಿನ ನಕಾಶೆ ಕೊರಳಿನಲ್ಲಿರುವುದಿಲ್ಲ ಎಂದು ಆಗ ಯಾರಿಗೆ ಗೊತ್ತು?

ಮಳೆಗಾಲದ ಹೊತ್ತಿಗೆ ಸುತ್ತಲ ಹಳ್ಳಿಗಳಲ್ಲಿ ನಿಜಾಮನ ಕಡೆಯ ರಜಾಕಾರರ ಹಾವಳಿ ಹೆಚ್ಚಿತು. ಅವ್ವನಿಗೆ ದಿನ ತುಂಬುತ್ತಿತ್ತು. ಹೇಗಾದರೂ ಭಾಲ್ಕಿಯ ತವರು ಮುಟ್ಟಿಸಬೇಕೆಂದು ಕಾಕಾ ಚಂದ್ಯಾನನ್ನು ಒಂಟೆತ್ತಿನ ಗಾಡಿಗೆ ಕಟ್ಟಿದ. ಅಪ್ಪ ಮನೆ ಕಾಯಲು ಉಳಿದ. ಗಾಡಿಗೆ ಸುತ್ತಲೂ ಗೋಣಿಯ ತಟ್ಟು ಹೊದಿಸಿದ್ದರಿಂದ ಒಳಗಿದ್ದ ಅವ್ವನಿಗೂ ನನಗೂ ಹೊರಗಿನದೇನೂ ಕಾಣಿಸುತ್ತಿರಲಿಲ್ಲ. ಇದರಲ್ಲಿ ನಾನು ಕಂಡದ್ದೆಷ್ಟು, ಆಮೇಲೆ ಕೇಳಿದ್ದೆಷ್ಟು ಎಂದು ಹೇಳಲಾರೆ. ನನಗಾಗ ಐದೋ ಆರೋ. ಜಿಟಿಜಿಟಿ ಮಳೆ ಚೆನ್ನಾಗಿ ನೆನಪಿದೆ. ಆದರೆ ಮಳೆಗಾಲದ ನೆನಪಿಗೆ ಮಳೆ ಸೇರಿಸುವುದು ಏನು ಕಷ್ಟ?

ಔರಾದ ದಾಟಿದ ಮೇಲೆ ದಾರಿ ಕವಲೊಡೆಯುತ್ತದೆ. ಕಂಬಳಿ ಹೊದ್ದ ಕಾಕಾ ಅಲ್ಲಿ ತೂಕಡಿಸಿರಬೇಕು. ಚಂದ್ಯಾ ತೂಕಡಿಸಲಿಲ್ಲ.

"ಶರಣು, ಭಾಲ್ಕಿ ಇನ್ನೂ ಎಷ್ಟು ದೂರ ಅದ?" ಎಂದಳು ಅವ್ವ, ಹಲ್ಲು ಕಚ್ಚಿ.

"ಬಂತು ನೋಡ್ರಿ ವೈನಿ," ಎನ್ನುತ್ತ ಕಾಕಾ ಕಂಬಳಿ ಸರಿಸಿದ. ಬಂದದ್ದು ಕಮಲನಗರದ ಅಂಚಿನ ಒಂದು ಅಂಗಳ. ಎತ್ತು ಮಾರಿದವರ ಮನೆ. ಆ ಮನೆಯ ಖಾಸಿಂಬಿ ಬಾಗಿಲಲ್ಲಿ ನಿಂತು ಮೊದಲು ಮಾತಾಡಿಸಿದ್ದು ಎತ್ತನ್ನು.

"ಯಾಕಲೇ ಚಂದ್ಯಾ, ಅಲ್ಲಿ ಹೊಟ್ಟಿಗಿ ಹಾಕಲಿಲ್ಲೇನು?" ಆಮೇಲೆ ಕಾಕಾನ ಕಡೆ ನೋಡಿ, "ಕೊಂಡ ಎತ್ತು ವಾಪಸ್ ತಂದೀರೇನ್ರಿ?"

"ನಾ ತಂದಿಲ್ರಿ ಬೂಬಮ್ಮ. ಅದೇ ನಮ್ಮನ್ನ ತಂದದ."

ಅವರು ಮುಸಲ್ಮಾನರು. ಆ ದಿನಗಳಲ್ಲಿ ಕಾಕಾ ಹೆದರಲು ಅದೊಂದೇ ಸಾಕಿತ್ತು. ಗಾಡಿ ತಿರುಗಿಸುತ್ತೇನೆಂದು ಹಗ್ಗ ಜಗ್ಗಿದ, ಚಂದ್ಯಾ ಅಲುಗಲಿಲ್ಲ. ಒಳಗೆ ಅವ್ವ ನರಳಿದಳು. ಖಾಸಿಂಬಿ ತಟ್ಟು ಎತ್ತಿ ನೋಡಿ, ಮರ್ಯಾದೆಯ ಮಾತು ಬಿಟ್ಟಳು.

"ಎತ್ತಿಗಿರೋ ಬುದ್ಧಿನೂ ನಿನಗಿಲ್ಲಲ್ಲೋ. ಇಳಸು ಆಕಿನ್ನ."

ದೀಪ ಹಚ್ಚುವ ಮೊದಲೇ ನನ್ನ ತಮ್ಮ ಹುಟ್ಟಿದ. ಖಾಸಿಂಬಿಯೇ ಹಿಡಿದಳು. ಆಮೇಲೆ ಬಾಣಂತಿಗೆಂದು ಅಳವಿಯ ಗಂಜಿ ಕುದಿಸಿಟ್ಟು ಹೊಸ್ತಿಲಲ್ಲೇ ನಿಂತಳಂತೆ. "ನೀವು ಲಿಂಗಾಯತರು. ನಮ್ಮ ಕೈಯಾಂದು ನಡೀತದೋ, ಆಚಿ ಮನಿಯಿಂದ ಮಾಡಿಸಿ ತರಲೋ?"

"ಕೂಸಿನ್ನ ಹಿಡದ ಕೈ ಅದ," ಎಂದಳು ಅವ್ವ. "ತರ್ರಿ."

ಕೆಲವೇ ದಿನಗಳಲ್ಲಿ ಹಿಂದೂಸ್ತಾನದ ಫೌಜು ಬಂತು. ಪೊಲೀಸ್ ಆಕ್ಷನ್ ಎಂದರು. ರಜಾಕಾರರು ಓಡಿದರು, ನಿಜಾಮ ಶರಣಾದ. ರಜಾಕಾರರ ಮೇಲಿನ ಸೇಡು ಊರೂರಿನ ಮುಸಲ್ಮಾನರ ಮೇಲೆ ತಿರುಗಿತು. ನಾವು ಬಂದ ದಿನ ಆ ಮನೆಯಲ್ಲಿ ಹೆದರಿದ್ದವರು ನಾವು. ಈಗ ಹೆದರಿದವರು ಅವರು. ಖಾಸಿಂಬಿಯ ಗಂಡ ಹಗಲೆಲ್ಲ ಜೋಳದ ಹೊಲದೊಳಗೆ ಕೂತಿರುತ್ತಿದ್ದ. ಅಡುಗೆ ಮಾಡುವಾಗ ಹೊಗೆ ಕಾಣದಿರಲೆಂದು ಅವಳು ಒಲೆಯನ್ನು ಸಣ್ಣಗೆ ಉರಿಸುತ್ತಿದ್ದಳು.

ನಾವು ಹೊರಡುವ ದಿನ ಅವ್ವ ಹೇಳಿದಳು, "ನೀವಿಬ್ಬರೂ ಗಾಡ್ಯಾಗ ಬರ್ರಿ. ಭಾಲ್ಕ್ಯಾಗ ನಮ್ಮಪ್ಪ ಇದ್ದಾನ."

"ಎತ್ತು ಮಾರೇವಿ ತಂಗಿ, ಮನಿ ಮಾರಿಲ್ಲ," ಎಂದು ಖಾಸಿಂಬಿ ನಕ್ಕಳು.

ಚಂದ್ಯಾ ಅಂಗಳ ಬಿಟ್ಟು ಕದಲಲಿಲ್ಲ. ಕೊನೆಗೆ ಅವಳೇ ಒಳಗಿನಿಂದ ಅದರ ಹಳೆಯ ಹಗ್ಗ ತಂದು ಕಟ್ಟಿ, ಊರಾಚೆ ದಾರಿ ಒಡೆಯುವಲ್ಲಿಯವರೆಗೆ ಮುಂದೆ ಮುಂದೆ ನಡೆದಳು. ಅಲ್ಲಿ ಹಗ್ಗ ಬಿಚ್ಚಿಕೊಂಡು, ಬೆನ್ನ ಮೇಲೆ ಒಂದು ಸಲ ತಟ್ಟಿ, ಬದಿಗೆ ಸರಿದು ನಿಂತಳು. ಎತ್ತು ಭಾಲ್ಕಿಯ ಕಡೆ ನಡೆಯಿತು.

ಮರುವರ್ಷ ಕಾಕಾ ಕಮಲನಗರಕ್ಕೆ ಹೋದಾಗ ಅವರ ಬಾಗಿಲಿಗೆ ಬೀಗವಿತ್ತು. ಹೈದರಾಬಾದಿಗೆ ಹೋದರು ಎಂದರು ಕೆಲವರು. ಇನ್ನು ಕೆಲವರು, ಅವಳ ಗಂಡ ಅಡಗುತ್ತಿದ್ದ ಹೊಲದ ಜೋಳವನ್ನು ಆ ವರ್ಷ ಯಾರೂ ಕೊಯ್ಯಲಿಲ್ಲ ಎಂದಷ್ಟೇ ಹೇಳಿದರು.

ದಾರಿಯನ್ನು ಇಟ್ಟುಕೊಳ್ಳುವ ಮೆದುಳಿನ ಆ ಭಾಗವೇ ನಡೆದುಹೋದದ್ದರ ನೆನಪನ್ನೂ ಕಟ್ಟುತ್ತದಂತೆ. ಹಾಗಿದ್ದರೆ ನನ್ನಂಥವಳ ನೆನಪನ್ನು ಎಷ್ಟು ನಂಬುವುದು? ಗಾಡಿ ಹೊರಟಾಗ ಅವ್ವ ಕೂಸನ್ನು ಎದೆಗೊತ್ತಿಕೊಂಡು, ತಟ್ಟು ಸರಿಸಿ, ಖಾಸಿಂಬಿ ಮರೆಯಾಗುವವರೆಗೆ ಹಿಂದೆ ನೋಡುತ್ತಿದ್ದಳು. ಇದು ನನಗೆ ನಿಚ್ಚಳವಾಗಿ ಕಾಣುತ್ತದೆ. ಅವ್ವ ಮುದುಕಿಯಾದ ಮೇಲೆ ಒಮ್ಮೆ ಇದನ್ನು ಹೇಳಿದೆ. ಅವಳು ಸೋಸುತ್ತಿದ್ದ ಬೇಳೆಯ ಮೊರ ಕೆಳಗಿಟ್ಟಳು.

"ಸುಳ್ಳು. ನಾ ಹಿಂದ ನೋಡೇ ಇಲ್ಲ. ನೋಡಿದ್ರ, ಇಳಿದು ಆಕಿ ಕೈ ಹಿಡದು ಗಾಡ್ಯಾಗ ಕೂಡಸ್ತಿದ್ದೆ."

ಅವಳ ಮಾತೇ ನಿಜವಿರಬೇಕು. ಅಂದಿನಿಂದ ನನ್ನ ಚಿತ್ರವನ್ನು ತಿದ್ದಲು ನೋಡುತ್ತೇನೆ, ಅದು ಬಗ್ಗುವುದಿಲ್ಲ. ಗಾಡಿ ಹೋಗುತ್ತಿರುತ್ತದೆ, ಅವ್ವ ಹಿಂದೆ ನೋಡುತ್ತಲೇ ಇರುತ್ತಾಳೆ. ನನ್ನ ನೆನಪು ನನಗಾಗಿ ಏನೇನೋ ಸುಳ್ಳು ಹೇಳಿದೆ. ಆದರೆ ಅವಳು ಇಳಿದಳು ಎಂಬ ಆ ಒಂದು ಸುಳ್ಳನ್ನು ಮಾತ್ರ ಇದುವರೆಗೆ ಹೇಳಿಲ್ಲ.