ಬ್ಯಾಗಿನೊಳಗೆ ನಮ್ಮ ಯಜಮಾನರು

ನಾಲೆ ಏರಿಯ ಮರೆಗೆ ಹೋದ ನಮ್ಮ ಯಜಮಾನರು ಬಹಳ ಹೊತ್ತಾದರೂ ವಾಪಸ್ಸು ಬರಲಿಲ್ಲ. ಬಂದಾಗ ಮುಖವೆಲ್ಲ ಬೆವರು. ಕೇಳಿದರೆ, "ವಯಸ್ಸಾಯ್ತಲ್ವಾ, ನಿಧಾನಕ್ಕೆ ಬತ್ತದೆ ಬುಡು" ಎಂದರು. ಕೊತ್ತತ್ತಿಯಲ್ಲಿ ಕಬ್ಬು ಬೆಳೆಯುವ ಈ ಮನುಷ್ಯ ನಾಲೆ ನೀರಿನ ಸರದಿಗಾಗಿ ಊರೆಲ್ಲ ಕೇಳುವಂತೆ ಜಗಳವಾಡಬಲ್ಲರು. ಮೂತ್ರದ ವಿಷಯ ಮಾತ್ರ ಹೆಂಡತಿಯ ಎದುರೂ ಬಾಯಿ ಬಿಡರು. ನಾನು ಮಂಡ್ಯದಲ್ಲಿ ಹೈಸ್ಕೂಲು ಮಕ್ಕಳಿಗೆ ಪಾಠ ಹೇಳಿದವಳು. ಬಾಯಿ ಬಿಡಿಸುವುದು ನನಗೆ ಹೊಸದಲ್ಲ. ಮರುದಿನವೇ ಎಳೆದೊಯ್ದು ಡಾಕ್ಟರ ಮುಂದೆ ಕೂರಿಸಿದೆ.

ಪ್ರಾಸ್ಟೇಟ್ ಕ್ಯಾನ್ಸರ್.

ಮೈಸೂರಿನಲ್ಲಿ ಆಪರೇಷನ್ ಆಯಿತು. ಮೂತ್ರಕೋಶದ ಕೆಳಗಿನ ಆ ಗ್ರಂಥಿಯನ್ನು ಪೂರ್ತಿ ತೆಗೆದರು. ರಕ್ತದಲ್ಲಿ ಕಾಯಿಲೆಯ ಸುಳಿವು ಕೊಡುವ ಪಿಎಸ್‌ಎ ಇಲ್ಲವೆನ್ನುವಷ್ಟು ಇಳಿಯಿತು. ಆದರೆ ಕೆಮ್ಮಿದರೆ, ಎದ್ದು ನಿಂತರೆ, ಪಂಚೆ ಒದ್ದೆ. ಅವರು ಅಂಗಡಿ ಬೀದಿಗೆ ಹೋಗುವುದನ್ನೇ ಬಿಟ್ಟರು. ಮನೆ ಹಿಡಿದು ಕೂತರು.

ಅಷ್ಟರಲ್ಲಿ ಡಾಕ್ಟರ್ ಫೋನು ಮಾಡಿದರು. "ಅವರ ಬ್ಲಾಕ್ ತೊಗೊಂಡು ಹೋಗಿ ಬೆಂಗಳೂರಿನ ಲ್ಯಾಬ್‌ಗೆ ಕೊಡಿ."

ಪಕ್ಕದಲ್ಲಿದ್ದ ಯಜಮಾನರು ಎದೆ ಹಿಡಿದುಕೊಂಡರು. "ಆರ್ಟಲ್ಲೂ ಬ್ಲಾಕಾ?"

ಅದಲ್ಲ. ತೆಗೆದ ಗ್ರಂಥಿಯ ಚೂರನ್ನು ಮೇಣದಲ್ಲಿ ಹುದುಗಿಸಿ ಇಟ್ಟಿರುತ್ತಾರೆ, ಅದೇ ಬ್ಲಾಕ್. ಆ ಚೂರಿನಲ್ಲಿ ಕಾಯಿಲೆಯ ಗುರುತಾಗಿರುವ ಕೆಲವು ಮಾರ್ಕರ್‌ಗಳನ್ನು ನೋಡಿದರೆ, ಕಾಯಿಲೆ ಮರಳುವ ಸಾಧ್ಯತೆ ಎಷ್ಟೆಂದು ಅಂದಾಜು ಸಿಗುತ್ತದಂತೆ. ಆಸ್ಪತ್ರೆಯಿಂದ ಅದನ್ನು ಪಡೆದು, ಬ್ಯಾಗಿಗೆ ಹಾಕಿಕೊಂಡು ನಾನೇ ಬೆಂಗಳೂರಿನ ರೈಲು ಹತ್ತಿದೆ. ಬಿಸಿಲಿಗೆ ಮೇಣ ಕರಗೀತೆಂದು ಬ್ಯಾಗನ್ನು ಕಿಟಕಿಯಿಂದ ಈಚೆಗೆ ಎಳೆದು ತಬ್ಬಿಕೊಂಡೆ. ಮದ್ದೂರಿನಲ್ಲಿ ವಡೆ ತೆಗೆದುಕೊಳ್ಳಲೂ ಕೈ ಬಿಡಲಿಲ್ಲ. ಎದುರಿಗೆ ಕೂತಿದ್ದ ಹುಡುಗಿ ಕೇಳಿದಳು: "ಅದ್ರೊಳಗೆ ಏನಕ್ಕ ಅಂಥದ್ದು?"

"ನಮ್ಮ ಯಜಮಾನ್ರು ಕಣವ್ವ."

ಅವಳು ನಕ್ಕಳು. ನಾನೂ ನಕ್ಕೆ.

ರಿಪೋರ್ಟ್ ಬಂದ ದಿನ ನಗು ಬರಲಿಲ್ಲ. "ಮರಳಿ ಬರೋ ಸಾಧ್ಯತೆ ಜಾಸ್ತಿ ಇದೆ" ಎಂದರು ಡಾಕ್ಟರ್. "ಇದು ಅಂದಾಜು ಅಷ್ಟೇ, ಭವಿಷ್ಯ ಅಲ್ಲ. ಆದ್ರೂ ಈಗಲೇ ರೇಡಿಯೇಷನ್ ಕೊಡೋದು ಒಳ್ಳೇದು."

"ಕಾಯಿಲೆ ಇಲ್ಲ ಅಂತ ನೀವೇ ಅಂತೀರಿ, ಇಲ್ದೇ ಇರೋದನ್ನ ಸುಡ್ತೀನಿ ಅಂತೀರಿ. ನಾ ಬರಾಕಿಲ್ಲ ಬುಡಿ" ಎಂದು ಯಜಮಾನರು ಎದ್ದೇಬಿಟ್ಟರು.

ಮನೆಗೆ ಬಂದು ಕೇಳಿದೆ: "ಕಬ್ಬು ಕಡಿದ ಮೇಲೆ ಗದ್ದೇಲಿ ಏನು ಕಾಣುತ್ತೆ?"

"ಏನ್ ಕಾಣ್ತದೆ? ಬರೀ ಬುಡ."

"ಆಮೇಲೆ?"

ಕಡಿದ ಬುಡ ಮತ್ತೆ ಚಿಗುರಿ ಕೂಳೆ ಬೆಳೆಯಾಗುವುದನ್ನು ಅವರಿಗೆ ಬೇರೆಯವರು ಹೇಳಿಕೊಡಬೇಕಿರಲಿಲ್ಲ. ಕೊನೆಗೆ ನಿಜ ಹೊರಬಿತ್ತು. ರೇಡಿಯೇಷನ್‌ಗೆ ಮೊದಲು ಹೊಟ್ಟೆ ತುಂಬ ನೀರು ಕುಡಿದು, ಮೂತ್ರ ಕಟ್ಟಿಕೊಂಡು, ಮಿಷನ್ ಕೆಳಗೆ ಅಲುಗಾಡದೆ ಮಲಗಬೇಕೆಂದು ನರ್ಸ್ ಹೇಳಿದ್ದಳು.

"ಅಷ್ಟು ಜನದ ಮುಂದೆ ಸೋರೋದ್ರೆ?"

ಅಳುತ್ತಿದ್ದರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೂ ತಡೆಯಲಾಗಲಿಲ್ಲ. "ಸೋರಿದ್ರೆ ಒರೆಸಬಹುದು ಕಣ್ರೀ. ನೀವೇ ಹೋದ್ರೆ ನಾನೇನು ಮಾಡ್ಲಿ?" ಎಂದೆ.

ಬಂದರು. ಮೊದಲು ಅಳತೆಗೆಂದು ಮಾಡುವ ಸ್ಕ್ಯಾನ್‌ನಲ್ಲೇ ಸೋರಿತು. ನರ್ಸ್ ಏನೂ ಆಗಿಲ್ಲವೆಂಬಂತೆ ಬಟ್ಟೆ ಬದಲಿಸಿದಳು. ಕೆಲವು ವಾರ ಮೂತ್ರ ತಡೆಯುವ ವ್ಯಾಯಾಮ ಮಾಡಿ ಬರಲು ಹೇಳಿ ಕಳುಹಿಸಿದರು. ನಾನು ಡ್ರಿಲ್ ಮಾಸ್ತರಾದೆ. "ಬಿಗಿ ಹಿಡೀರಿ, ಬಿಡಿ" ಎಂದು ನಡುಮನೆಯಲ್ಲಿ ದಿನಾ ಕೂಗಿದೆ. ಅವರು ಬೈದುಕೊಂಡೇ ಮಾಡಿದರು.

ಈಗ ರೇಡಿಯೇಷನ್ ಪೂರ್ತಿ ಮುಗಿದಿದೆ. ಪಿಎಸ್‌ಎ ಮೇಲೇಳಿಲ್ಲ. ಆ ಚೂರು ಹೇಳಿದ್ದು ನಿಜವಾಗುತ್ತದೋ ಸುಳ್ಳಾಗುತ್ತದೋ ಡಾಕ್ಟರಿಗೂ ಗೊತ್ತಿಲ್ಲ, ಪರೀಕ್ಷೆಗೆ ಹೋಗುತ್ತಲೇ ಇರಬೇಕು. ಆದರೂ ನನಗೆ ಭಯ ಕಡಿಮೆಯಾಗಿದೆ. ಅದು ಕಡಿಮೆಯಾದದ್ದು ರೇಡಿಯೇಷನ್‌ನ ಮೊದಲ ದಿನ.

ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಬಾಗಿಲು ತೆರೆಯಿತು. ಯಜಮಾನರು ಅಲ್ಲಿಂದಲೇ ಕೂಗಿದರು:

"ಇಡ್ಕಂಡೆ ಕಣಮ್ಮಿ! ಒಂದು ತೊಟ್ಟೂ ಬುಡ್ಲಿಲ್ಲ!"

ನೀರಿನ ಬಾಟಲಿ ಹಿಡಿದು ಸರದಿಗೆ ಕಾಯುತ್ತಿದ್ದ ಗಂಡಸರೆಲ್ಲ ತಿರುಗಿ ನೋಡಿದರು. ಅವರಲ್ಲೊಬ್ಬರು ಮೆಲ್ಲಗೆ, "ಎಂಗೆ ಗೌಡ್ರೆ?" ಎಂದರು.

"ತಡೀರಿ, ಬಂದೆ" ಎಂದು ನಮ್ಮ ಯಜಮಾನರು ಟಾಯ್ಲೆಟ್ಟಿಗೆ ಓಡಿದರು. ಬಂದವರೇ ಕೇಳಿದವರ ಪಕ್ಕ ಕೂತು, ಬಿಗಿ ಹಿಡಿಯುವುದನ್ನು ಎಲ್ಲರಿಗೂ ಕೇಳುವಂತೆ ಹೇಳಿಕೊಡತೊಡಗಿದರು.