ನಡೆಯದ ಗಿಟಾರ್ ವಾದನದ ವರದಿ

2023ರ ಫೆಬ್ರವರಿಯ ಎರಡನೆಯ ಭಾನುವಾರ ಸಿದ್ದಾಪುರದ ಸಭಾಭವನವೊಂದರಲ್ಲಿ ರಾಕ್ ಗಿಟಾರ್ ವಾದಕ ಬಸವರಾಜ ಅವರಿಗೆ ಸನ್ಮಾನ ನಡೆಯಿತು. ಅವರ ಗಿಟಾರ್ ವಾದನ ನಡೆಯಲಿಲ್ಲ. ನಡೆಯಿತೆಂದು ಮರುದಿನ ನಮ್ಮ ಪತ್ರಿಕೆಯ ಐದನೆಯ ಪುಟದಲ್ಲಿ ಪ್ರಕಟವಾಯಿತು.

ಆಗ ನಾನು ಶಿರಸಿಯಲ್ಲಿ ದಿನಪತ್ರಿಕೆಯೊಂದರ ಮುಖ್ಯ ಉಪಸಂಪಾದಕ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಸುದ್ದಿಗಳು ನನ್ನ ಮೇಜಿನಿಂದಲೇ ಪುಟಕ್ಕೆ ಹೋಗುತ್ತಿದ್ದವು. ‘ಗಿಟಾರ್ ನಾದಕ್ಕೆ ತಲೆದೂಗಿದ ಸಿದ್ದಾಪುರ’ ಎಂಬ ತಲೆಬರಹ ಕೊಟ್ಟವನು ನಾನು.

ಇಂಥ ವರದಿ ಹುಟ್ಟುವ ಕ್ರಮ ಓದುಗರಿಗೆ ಗೊತ್ತಿರಲಾರದು. ಭಾನುವಾರ ತಾಲ್ಲೂಕು ಪುಟ ಬೇಗ ಮುಗಿಯುತ್ತದೆ. ಹಾಗಾಗಿ ವರದಿಗಾರ ಶನಿವಾರವೇ ಆಮಂತ್ರಣ ಪತ್ರಿಕೆ ಎದುರಿಟ್ಟುಕೊಂಡು, ನಾಳೆ ನಡೆಯಬೇಕಾದ್ದನ್ನೆಲ್ಲ ನಡೆಸಿ ಕಳಿಸುತ್ತಾನೆ. ಕಚೇರಿಯಲ್ಲಿ ಇದಕ್ಕೆ ಅಡ್ವಾನ್ಸ್ ಕಾಪಿ ಎನ್ನುತ್ತೇವೆ. ದೀಪ ಬೆಳಗಿಸಿದ್ದು, ಅಧ್ಯಕ್ಷರು ಸಂಸ್ಕೃತಿಯ ಬಗ್ಗೆ ಕಳವಳ ಪಟ್ಟಿದ್ದು, ವಂದನಾರ್ಪಣೆ ಎಲ್ಲ ಅದರಲ್ಲಿರುತ್ತವೆ. ಭಾಷಣಕಾರರು ದೂರುವುದಿಲ್ಲ. ಅವರು ಆಡಿದ್ದಕ್ಕಿಂತ ನಾವು ಬರೆದದ್ದು ಚಿಕ್ಕದಾಗಿ, ಅರ್ಥವಾಗುವಂತೆ ಇರುತ್ತದೆ. ಕಾರ್ಯಕ್ರಮ ಕೆಟ್ಟರೆ ವರದಿಗಾರ ಫೋನ್ ಮಾಡಿ ತಡೆಯಬೇಕು. ಅಲ್ಲಿಗೆ ಹೋದವನು ತಾನೆ ಫೋನ್ ಮಾಡುವುದು?

ನಮ್ಮ ಅರೆಕಾಲಿಕ ವರದಿಗಾರ ಶ್ರೀಧರ ಹೋಗಿರಲಿಲ್ಲ. ಆ ದಿನ ಅವನು ಮಂಚಿಕೇರಿಯಲ್ಲಿ ನೆಂಟರ ಮನೆಯ ಉಪನಯನದಲ್ಲಿದ್ದ.

ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಎಪ್ಪತ್ತು ದಾಟಿದ ಒಬ್ಬರು ಕಚೇರಿಗೆ ಬಂದರು. ಬಿಳಿ ಅಂಗಿ, ಪಂಚೆ, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ನಮಸ್ಕಾರ್ರೀ. ನಾ ಎಕ್ಕಂಬಿ ಮೈಕ್ ಚನ್ನಬಸಪ್ಪ. ಬಸವರಾಜನ ಅಪ್ಪ. ನಿಮ್ಮ ಪೇಪರ್‌ನ್ಯಾಗ ನನ್ನ ಮಗಾ ಗಿಟಾರ್ ಬಾರಿಸ್ಯಾನ. ನನ್ನ ಮೈಕ್‌ಸೆಟ್‌ನ್ಯಾಗ ಬಾರಿಸಿಲ್ಲ. ಯಾವುದು ಖರೆ?”

ಸಭೆಗೆ ಮೈಕ್‌ಸೆಟ್ ಹಾಕಿದವರು ಅವರೇ. ಬೆಳಿಗ್ಗೆ ಹತ್ತರಿಂದ ಆಂಪ್ಲಿಫೈಯರ್ ಮುಂದೆ ಕೂತಿದ್ದರು. ಅಲ್ಲಿ ನಡೆದದ್ದನ್ನು ಮೊದಲು ಅವರಿಂದ ಕೇಳಿದೆ. ಆಮೇಲೆ ಸನ್ಮಾನ ಸಮಿತಿಯ ಅಧ್ಯಕ್ಷರನ್ನೂ ಬಸವರಾಜ ಅವರನ್ನೂ ವಿಚಾರಿಸಿ ತಾಳೆ ನೋಡಿದೆ. ಮೂವರ ಮಾತಿನಲ್ಲಿ ವ್ಯತ್ಯಾಸವಿರಲಿಲ್ಲ.

ವೇದಿಕೆಯಲ್ಲಿ ಹನ್ನೆರಡು ಜನ. ಹನ್ನೊಂದು ಜನ ಮಾತಾಡಿದರು. ಒಬ್ಬರು ಗಿಟಾರನ್ನು ವೀಣೆಯ ಮಗಳು ಎಂದರು. ಇನ್ನೊಬ್ಬರು ಪಾಶ್ಚಾತ್ಯ ಸಂಗೀತದಿಂದ ಯುವಕರು ಕೆಡುತ್ತಿರುವುದನ್ನು ಅರ್ಧ ಗಂಟೆ ವಿವರಿಸಿ, ಪಾಶ್ಚಾತ್ಯ ಸಂಗೀತಗಾರನಿಗೆ ಶಾಲು ಹೊದಿಸಿದರು. ಒಂದೂಕಾಲಿಗೆ ಬಸವರಾಜ ಗಿಟಾರಿನ ಕೇಬಲ್ ಜೋಡಿಸುವಾಗ ಅಧ್ಯಕ್ಷರು ಮೈಕ್ ತೆಗೆದುಕೊಂಡರು.

“ಮೊದ್ಲು ಊಟ ಮುಗ್ಸನ ಮಾರಾಯ್ರೆ, ಎಲೆ ಹಾಕಾತು. ಗಿಟಾರ್ ಎಲ್ಲಿಗೂ ಓಡಿ ಹೋಗ್ತಿಲ್ಲೆ.”

ಜನ ಎದ್ದರು. ಊಟವಾದ ಮೇಲೆ ಯಾರೂ ಒಳಗೆ ಬರಲಿಲ್ಲ. ಎರಡೂವರೆಗೆ ಬಾಡಿಗೆ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸಿದರು. ಅಧ್ಯಕ್ಷರಿಗೆ ಇದರಲ್ಲಿ ಲೋಪವೇನೂ ಕಂಡಿರಲಿಲ್ಲ. ಸನ್ಮಾನವೆಂದರೆ ಅವರ ಲೆಕ್ಕದಲ್ಲಿ ಸನ್ಮಾನ ಮಾಡುವವರ ಕಾರ್ಯಕ್ರಮ.

ಬಸವರಾಜನಿಗೆ ಆಗ ನಲವತ್ತೇಳು ವರ್ಷ. ಹೈಸ್ಕೂಲಿನಲ್ಲಿದ್ದಾಗ ಮರದ ಗಿಟಾರಿಗೆ ಅಪ್ಪನ ಮೈಕ್ ಒಂದನ್ನು ಟೇಪಿನಿಂದ ಸುತ್ತಿ, ಮದುವೆ ಮನೆಗೆ ಹೋಗಬೇಕಿದ್ದ ಆಂಪ್ಲಿಫೈಯರ್ ಸುಟ್ಟವನು. ಮುಂದೆ ಮುಂಬಯಿಗೆ ಹೋಗಿ ‘ಘಾಟ್ ಸೆಕ್ಷನ್’ ಎಂಬ ಬ್ಯಾಂಡಿನಲ್ಲಿ ಹದಿನಾಲ್ಕು ವರ್ಷ ಲೀಡ್ ಗಿಟಾರ್ ನುಡಿಸಿದ. ಬ್ಯಾಂಡ್ ಒಡೆದ ಮೇಲೆ ಸ್ಟುಡಿಯೋ ಕೆಲಸ, ಪಾಠ. ರಾಕ್‌ನಲ್ಲಿ ಡಿಸ್ಟಾರ್ಷನ್ ಎಂಬುದೊಂದಿದೆ: ಆಂಪ್ಲಿಫೈಯರ್ ತಡೆಯಲಾರದಷ್ಟು ಸದ್ದು ತುಂಬಿ ಧ್ವನಿಯನ್ನು ಬೇಕೆಂದೇ ಒಡೆಯುವುದು. ಅಪ್ಪ ಆಯುಷ್ಯವಿಡೀ ಧ್ವನಿ ಒಡೆಯದಂತೆ ಕಾದವರು. ಮಗನ ಕಸುಬೇ ಒಡೆಯುವುದು.

ಚನ್ನಬಸಪ್ಪ ಮಗನನ್ನು ವೇದಿಕೆಯ ಮೇಲೆ ಒಮ್ಮೆಯೂ ಕೇಳಿರಲಿಲ್ಲ. “ಮನ್ಯಾಗ ನುಡಿಸ್ತಾನಲ್ಲ?” ಎಂದೆ.

“ಮನ್ಯಾಗ ಯಾರು ಬೇಕಾದ್ರೂ ಬಾರಸ್ತಾರ್ರಿ. ಐವತ್ತು ವರ್ಷ ಮೈಕ್ ಹಾಕೀನಿ. ಮಂದಿ ಎದ್ದು ಹೋಗ್ತಾರೋ, ಕುಂದರ್ತಾರೋ, ಅದ ಪರೀಕ್ಷಾ. ಎಡಗಿವಿ ಹೋಗೇತಿ. ಬಲಗಿವಿನೂ ಈ ವರ್ಷ ದಾಟೂದಿಲ್ಲ ಅಂತ ಹುಬ್ಬಳ್ಳಿ ಡಾಕ್ಟರ್ ಹೇಳ್ಯಾರ.”

ಎದುರಿಗೇ ಶ್ರೀಧರನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ.

“ಅದೆಂತ ದೊಡ್ಡ ವಿಷ್ಯನಾ ಸರ್? ಆಮಂತ್ರಣದಲ್ಲಿ ಇದ್ದಿತ್ತು, ಆನು ಬರದಿ. ಅವ ಬಾರ್ಸದಿದ್ರೆ ಎನ್ನ ತಪ್ಪಾ? ಒಳ್ಳೇದೇ ಬರದ್ದಿ ಅಲ್ದಾ!”

ಚನ್ನಬಸಪ್ಪ ಫೋನನ್ನೇ ನೋಡಿದರು. “ಇವಗ ಒಂದು ಮೈಕ್ ಕೊಡಬೇಕ್ರಿ,” ಎಂದರು. “ತಂತಿ ಕಿತ್ತದ್ದು.”

ಆಮೇಲೆ ಚೀಲದಿಂದ ಒಂದು ಫೈಲ್ ತೆಗೆದು ಮೇಜಿನ ಮೇಲಿಟ್ಟರು. ಮಗ ವರ್ಷಗಳಿಂದ ಕಳಿಸಿದ ಪತ್ರಿಕಾ ಕಟಿಂಗ್‌ಗಳು, ಹನ್ನೊಂದು. ಮುಂಬಯಿ, ಪುಣೆ, ಬೆಂಗಳೂರಿನವು. ಹೆಚ್ಚಿನವು ಇಂಗ್ಲಿಷ್, ಎರಡು ಮರಾಠಿ. ಚನ್ನಬಸಪ್ಪನವರಿಗೆ ಎರಡೂ ಓದಲು ಬಾರದು. ಮಗ ಊರಿಗೆ ಬಂದಾಗ ಓದಿ ಹೇಳಿದ್ದನ್ನು ನಂಬಿದ್ದರು.

“ನನ್ನ ಕಣ್ಣೆದುರು ಆದದ್ದು ಇದೊಂದ. ಇದ ಸುಳ್ಳು. ಹಂಗಾದ್ರ ಉಳಿದವೂ ಹಿಂಗೇ ಏನ್ರಿ? ನೀವು ಪೇಪರ್‌ನವ್ರು. ನಿಮಗ ಗೊತ್ತಾಗಬೇಕಲ್ಲ. ಆರಿಸಿ ಕೊಡ್ರಿ.”

ಮೂವತ್ತೊಂದು ವರ್ಷದ ಕೆಲಸದಲ್ಲಿ ನನಗೆ ಯಾರೂ ಇಂಥ ಪ್ರಶ್ನೆ ಕೇಳಿರಲಿಲ್ಲ. ಮರಾಠಿ ನನಗೆ ತಕ್ಕಮಟ್ಟಿಗೆ ಬರುತ್ತದೆ. ಒಂದೊಂದನ್ನೇ ಓದಿದೆ. ಆಮಂತ್ರಣ ನೋಡಿ ಬರೆದ ವರದಿ ಬೇಗ ಸಿಕ್ಕಿಬೀಳುತ್ತದೆ. ಅದರಲ್ಲಿ ಎಲ್ಲವೂ ಹೊತ್ತಿಗೆ ಸರಿಯಾಗಿ ಶುರುವಾಗುತ್ತದೆ, ಯಾರೂ ಕೆಮ್ಮುವುದಿಲ್ಲ, ಶ್ರೋತೃಗಳು ಮಂತ್ರಮುಗ್ಧರಾಗಿರುತ್ತಾರೆ. ಅಂಥವು ಎರಡು ಸಿಕ್ಕವು. ಬೇರೆ ಇಟ್ಟೆ. ಚನ್ನಬಸಪ್ಪ ಆ ಎರಡನ್ನೇ ನೋಡುತ್ತಿದ್ದರು.

ಏಳನೆಯದು ಪುಣೆಯದು. ದೊಡ್ಡ ಫೋಟೊ ಇತ್ತು. “ಇದರಾಗ ಭಾಳ ಹೊಗಳ್ಯಾರಂತ,” ಎಂದರು ಚನ್ನಬಸಪ್ಪ.

ಅದು ಬೈಗುಳ. ಮುಚ್ಚಿಡಬಹುದಿತ್ತು. ಆದರೆ ಆ ವಾರ ಇನ್ನೊಂದು ಒಳ್ಳೆಯ ಸುಳ್ಳಿಗೆ ನನ್ನಲ್ಲಿ ಜಾಗವಿರಲಿಲ್ಲ. ಇದ್ದದ್ದನ್ನು ಇದ್ದಂತೆ ಕನ್ನಡದಲ್ಲಿ ಓದಿದೆ. ಕಾರ್ಯಕ್ರಮ ನಲವತ್ತು ನಿಮಿಷ ತಡ. ಎರಡನೆಯ ಹಾಡಿನಲ್ಲಿ ಗಿಟಾರಿನ ತಂತಿ ಹರಿಯಿತು, ಬದಲಿ ಗಿಟಾರ್ ತಂದಿರಲಿಲ್ಲ. ವಾದಕ ಜನರಿಗೆ ಬೆನ್ನು ಹಾಕಿ, ಉಳಿದ ಐದು ತಂತಿಯಲ್ಲೇ ಅಹಂಕಾರದಿಂದ ಎಂಟು ನಿಮಿಷ ಒಬ್ಬನೇ ಬಾರಿಸಿದ. ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡರು, ಎದ್ದು ಮಾತ್ರ ಹೋಗಲಿಲ್ಲ.

ಚನ್ನಬಸಪ್ಪ ಬಲಗಿವಿಯನ್ನು ನನ್ನ ಕಡೆ ತಿರುಗಿಸಿದರು.

“ಎದ್ದು ಹೋಗಲಿಲ್ಲಾ? ಹಂಗ ಬರದೈತೇನ್ರಿ? ಇನ್ನೊಮ್ಮೆ ಓದ್ರಿ.”

ಓದಿದೆ.

“ಕಿವಿ ಮುಚ್ಚಿಕೊಂಡು ಕುಂತ್ರು!” ಎಂದು ಜೋರಾಗಿ ನಕ್ಕರು. “ಇವಾ ಅಲ್ಲೇ ಇದ್ದ ನೋಡ್ರಿ, ಬರದಂವ. ಯಾವ ಸಾಲು ಅದು? ಗುರ್ತು ಹಾಕ್ರಿ.” ಕೆಂಪು ಪೆನ್ನಿನಲ್ಲಿ ಅಡಿಗೆರೆ ಎಳೆದು ಕೊಟ್ಟೆ. ಆಗ ಅವರು ಕುರ್ಚಿಯಲ್ಲಿ ಕೂತರು. ಚಹಾ ಕುಡಿದರು.

ಮಧ್ಯಾಹ್ನ ಬಸವರಾಜನಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. “ಆ ಎರಡು ಸುಳ್ಳು ಅಂತ ನನಗೂ ಗೊತ್ತು ಸರ್. ಒಂದು ಊರಿಗಂತೂ ನಾವು ಹೋಗಿರಲೇ ಇಲ್ಲ. ಆ ವರ್ಷ ಅಪ್ಪಗ ಕಳಸಾಕ ಬ್ಯಾರೆ ಏನೂ ಇರಲಿಲ್ಲ,” ಎಂದ.

ತಿದ್ದುಪಡಿ ಹಾಕಿದರೆ ಪತ್ರಿಕೆಯ ಮರ್ಯಾದೆ ಹೋಗುತ್ತದೆ ಎಂದು ಸಂಪಾದಕರು ಎರಡು ದಿನ ತಡೆದರು. ಇಲ್ಲದ್ದು ಹೋಗುವುದು ಹೇಗೆಂದು ನಾನು ಕೇಳಲಿಲ್ಲ. ಶನಿವಾರ ಅಡಿಕೆ ಧಾರಣೆಯ ಕೆಳಗೆ ಎರಡು ಸಾಲು ಹಾಕಿದೆ: ಬಸವರಾಜ ಅವರ ಗಿಟಾರ್ ವಾದನ ನಡೆದಿಲ್ಲ, ವರದಿ ತಪ್ಪು. ನಮ್ಮ ಪತ್ರಿಕೆಯಲ್ಲಿ ಜನ ಪೂರ್ತಿ ಓದುವ ಅಂಕಣ ಅದೊಂದೇ. ಅಧ್ಯಕ್ಷರು ಫೋನ್ ಮಾಡಿ, ಸನ್ಮಾನ ಮಾಡಿದವರಿಗೇ ಅವಮಾನವಾಯಿತು ಎಂದರು.

ಕೆಲಸ ನನಗೆ ಕಲಿಸಿದ್ದು ಇಷ್ಟು: ವರದಿಯಲ್ಲಿ ಹರಿದ ತಂತಿ ಇದೆಯೇ ಎಂದು ಮೊದಲು ನೋಡಬೇಕು. ಅದನ್ನು ಕಲಿಯಲು ನನಗೆ ಮೂವತ್ತೊಂದು ವರ್ಷ ಬೇಕಾಯಿತು, ಮರುವರ್ಷ ನಿವೃತ್ತನಾದೆ. ಶ್ರೀಧರನಿಗೆ ತಾಲ್ಲೂಕಿನ ಉತ್ತಮ ವರದಿಗಾರ ಎಂಬ ಪ್ರಶಸ್ತಿ ಬಂತು. ಪ್ರದಾನ ಸಮಾರಂಭದ ವರದಿ ಸಮಾರಂಭದ ಹಿಂದಿನ ದಿನವೇ ಕಚೇರಿಗೆ ತಲುಪಿತ್ತು. ಬರೆದವನು ಅವನೇ.

ಇದನ್ನು ಬರೆಯುವ ಮುನ್ನ ಕಳೆದ ತಿಂಗಳು ಎಕ್ಕಂಬಿಗೆ ಹೋಗಿದ್ದೆ. ಬಸವರಾಜ ಈ ಮೂರು ತಾಲ್ಲೂಕುಗಳ ಯಾವ ವೇದಿಕೆಯಲ್ಲೂ ಈವರೆಗೆ ಗಿಟಾರ್ ನುಡಿಸಿಲ್ಲ. ಚನ್ನಬಸಪ್ಪನವರ ಜೊತೆ ಈಗ ಸ್ಲೇಟಿನಲ್ಲಿ ಬರೆದು ಮಾತಾಡಬೇಕು. ಪುಣೆಯ ಕಟಿಂಗ್ ಲ್ಯಾಮಿನೇಟ್ ಆಗಿ ಅವರ ಶೆಡ್ಡಿನಲ್ಲಿ, ಆಂಪ್ಲಿಫೈಯರ್ ಮೇಲಿನ ಗೋಡೆಯಲ್ಲಿದೆ. ಅದರ ಪಕ್ಕದಲ್ಲಿ ನಮ್ಮ ಎರಡು ಸಾಲಿನ ತಿದ್ದುಪಡಿಯಿದೆ, ಅಡಿಕೆ ಧಾರಣೆ ಸಮೇತ.